ಯೂರೋ ವಲಯವನ್ನೂ ನಮ್ಮ ಒಕ್ಕೂಟವನ್ನೂ ಹೋಲಿಸುವುದು ಹೇಗೆ?

ವಿಜಯನಗರದಲ್ಲಿ ಕೆಎಎಸ್‌ಗೆ ಓದುವವರಿಗೆ ನಾನು ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಯೂರೋ ಬಳಸುವ ದೇಶಗಳ ಗುಂಪನ್ನೂ ಭಾರತವನ್ನೂ ಹೋಲಿಸಿ ಎಂಬ ಈ ಪ್ರಶ್ನೆ ಕೊಟ್ಟ ಕೂಡಲೇ ಹೆಚ್ಚಿನವರು ಪುಟದ ನಡುವೆ ಗೆರೆ ಎಳೆಯುತ್ತಾರೆ. ಎಡಗಡೆ ಫ್ರಾಂಕ್‌ಫರ್ಟ್‌ನ ಯುರೋಪಿಯನ್ ಸೆಂಟ್ರಲ್ ಬ್ಯಾಂಕ್, ಬಲಗಡೆ ಮುಂಬೈನ ರಿಸರ್ವ್ ಬ್ಯಾಂಕ್. ಅಲ್ಲೂ ಒಂದೇ ಕರೆನ್ಸಿ, ಇಲ್ಲೂ ಒಂದೇ. ಅಲ್ಲಿ ದೇಶಗಳ ಬಜೆಟ್ ಕೊರತೆಗೆ ಜಿಡಿಪಿಯ ಶೇ 3ರ ಮಿತಿ, ನಮ್ಮ ರಾಜ್ಯದ 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯಲ್ಲೂ ಶೇ 3. ಹೀಗೆ ಬರೆಯುತ್ತಾ ಹೋದರೆ ಎರಡೂ ಒಂದೇ ಅನ್ನಿಸಿಬಿಡುತ್ತದೆ. ದಯವಿಟ್ಟು ಹಾಗೆ ಶುರು ಮಾಡಬೇಡಿ.

ಬದಲಿಗೆ ಒಂದು ಕೆಟ್ಟ ವರ್ಷ ಆರಿಸಿಕೊಳ್ಳಿ. ಆ ವರ್ಷದ ನಷ್ಟ ಯಾರ ತಲೆಗೆ ಬಂತು ಅಂತ ಹುಡುಕಿ. ವ್ಯತ್ಯಾಸ ಇರುವುದು ಅಲ್ಲೇ.

ನಾನು ಯಾವಾಗಲೂ ಬ್ಯಾಂಕಿನಿಂದ ಶುರು ಮಾಡಿಸುತ್ತೇನೆ. 2013ರ ಮಾರ್ಚ್‌ನಲ್ಲಿ ಸೈಪ್ರಸ್‌ನ ಬ್ಯಾಂಕುಗಳು ಹೆಚ್ಚುಕಡಿಮೆ ಎರಡು ವಾರ ಬಾಗಿಲು ಹಾಕಿದ್ದವು. ತೆರೆದ ಮೇಲೂ ದಿನಕ್ಕೆ 300 ಯೂರೋಗಿಂತ ಜಾಸ್ತಿ ತೆಗೆಯುವ ಹಾಗಿರಲಿಲ್ಲ. ಹಣ ದೇಶದ ಹೊರಗೆ ಕಳಿಸಲಿಕ್ಕೂ ಮಿತಿ. ದೊಡ್ಡ ಬ್ಯಾಂಕಿನಲ್ಲಿ 1 ಲಕ್ಷ ಯೂರೋ ದಾಟಿದ ಠೇವಣಿ ಇಟ್ಟಿದ್ದವರು, ದಾಟಿದ ಮೊತ್ತದ ದೊಡ್ಡ ಪಾಲನ್ನೇ ಕಳೆದುಕೊಂಡರು. ಅದೇ ಯೂರೋ ಜರ್ಮನಿಯ ಬ್ಯಾಂಕಿನಲ್ಲಿದ್ದವರಿಗೆ ಏನೂ ಆಗಲಿಲ್ಲ. ಅಂದರೆ ನೋಟು ಒಂದೇ ಆದರೂ, ಬ್ಯಾಂಕ್ ಯಾವ ದೇಶದ್ದು ಅನ್ನುವುದರ ಮೇಲೆ ಅದರ ಭದ್ರತೆ ನಿಂತಿತ್ತು.

ಇದರ ಪಕ್ಕಕ್ಕೆ 2020ರ ಮಾರ್ಚ್‌ನ ಯೆಸ್ ಬ್ಯಾಂಕ್ ಇಟ್ಟು ನೋಡಿ. ಹಣ ತೆಗೆಯಲು 50,000 ರೂಪಾಯಿಯ ಮಿತಿ ಬಂತು, ನಿಜ. ಆದರೆ ಬೆಂಗಳೂರಿನವರಿಗೂ ಪುಣೆಯವರಿಗೂ ಒಂದೇ ಮಿತಿ. ಮುಂಬೈ ಬ್ಯಾಂಕ್ ಅಂತ ಮಹಾರಾಷ್ಟ್ರದ ಖಜಾನೆಗೆ ಬಿಲ್ ಹೋಗಲಿಲ್ಲ. ಸ್ಟೇಟ್ ಬ್ಯಾಂಕ್ ಮತ್ತು ಬೇರೆ ಬ್ಯಾಂಕುಗಳು ಬಂಡವಾಳ ಹಾಕಿದವು. ಠೇವಣಿ ವಿಮೆಯೂ ಇಡೀ ದೇಶಕ್ಕೆ ಒಂದೇ, 5 ಲಕ್ಷ ರೂಪಾಯಿ. ಯುರೋಪಿನಲ್ಲಿ ಈ ವಿಮೆಯ ನಿಧಿ ಇವತ್ತಿಗೂ ಆಯಾ ದೇಶದ್ದು. ಎಲ್ಲರಿಗೂ ಸೇರಿ ಒಂದೇ ವಿಮೆ ಇರಲಿ ಎಂಬ 2015ರ ಪ್ರಸ್ತಾಪ ಇನ್ನೂ ಕೈಗೂಡಿಲ್ಲ.

ಆಮೇಲೆ ಸಾಲದ ಬಡ್ಡಿ ನೋಡಿ. 2012ರ ಆರಂಭದಲ್ಲಿ ಗ್ರೀಸ್‌ನ 10 ವರ್ಷದ ಬಾಂಡ್ ಬಡ್ಡಿ ಶೇ 30 ದಾಟಿತ್ತು, ಜರ್ಮನಿಯದು ಶೇ 2ಕ್ಕಿಂತ ಕೆಳಗಿತ್ತು. ನಮ್ಮ ರಾಜ್ಯಗಳ ಬಾಂಡ್‌ಗಳನ್ನು ರಿಸರ್ವ್ ಬ್ಯಾಂಕೇ ಹರಾಜು ಹಾಕುತ್ತದೆ. ಅಲ್ಲಿ ಶ್ರೀಮಂತ ರಾಜ್ಯಕ್ಕೂ ಬಡ ರಾಜ್ಯಕ್ಕೂ ಇಂಥ ಕಂದರ ಇಲ್ಲ. ಕೇಂದ್ರಕ್ಕೆ ಬಾಕಿ ಇರುವ ರಾಜ್ಯ ಹೊಸ ಸಾಲ ಎತ್ತಬೇಕಾದರೆ 293ನೇ ವಿಧಿಯಂತೆ ಮೊದಲೇ ಒಪ್ಪಿಗೆ ಪಡೆಯಬೇಕು. ಯುರೋಪಿನಲ್ಲಿ ಹಾಗೆ ಮೊದಲೇ ತಡೆಯುವವರು ಇರಲಿಲ್ಲ. 2003ರಲ್ಲಿ ಜರ್ಮನಿ, ಫ್ರಾನ್ಸ್ ಎರಡೂ ಶೇ 3ರ ಗೆರೆ ದಾಟಿದ್ದವು, ದಂಡ ಬೀಳಲಿಲ್ಲ. ಸ್ಪೇನ್, ಐರ್ಲೆಂಡ್ 2007ರವರೆಗೆ ನಿಯಮ ಪಾಲಿಸಿಯೂ ಮುಂದೆ ಮುಳುಗಿದವು. ಹಾಗಾಗಿ ಆ ಶೇ 3ರ ಬಗ್ಗೆ ಒಂದು ಸಾಲು ಸಾಕು, ಪುಟಗಟ್ಟಲೆ ಬೇಡ.

ಮೂರನೆಯದು ಹಂಚಿಕೆ. ಯುರೋಪಿಯನ್ ಒಕ್ಕೂಟದ ಬಜೆಟ್ ಅಲ್ಲಿನ ಒಟ್ಟು ವರಮಾನದ ಸುಮಾರು ಶೇ 1. ನಮ್ಮ ಕೇಂದ್ರದ ಖರ್ಚು ಜಿಡಿಪಿಯ ಸುಮಾರು ಶೇ 15. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಎಷ್ಟು ಪಾಲು ಎಂದು ಹೇಳುವ ಹಣಕಾಸು ಆಯೋಗ 280ನೇ ವಿಧಿಯಡಿ ಬರುತ್ತದೆ. 15ನೇ ಆಯೋಗ ಹಂಚಬೇಕಾದ ತೆರಿಗೆಯ ಶೇ 41ನ್ನು ರಾಜ್ಯಗಳಿಗೆ ಕೊಟ್ಟಿತು. ಅದರಲ್ಲಿ ಕರ್ನಾಟಕದ ಪಾಲು ಶೇ 4.713ರಿಂದ ಶೇ 3.647ಕ್ಕೆ ಇಳಿಯಿತು. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ, ತರಗತಿಯಲ್ಲೂ ಮುಚ್ಚಿಡುವುದಿಲ್ಲ. ಆದರೆ ಉತ್ತರ ಬರೆಯುವಾಗ ಇನ್ನೊಂದು ಮಾತೂ ಸೇರಿಸಿ: ಜಗಳ ಆಡಲಿಕ್ಕೆ ಇಷ್ಟು ದೊಡ್ಡ ಗಂಟು ಇದೆ, ಹಂಚಲು ಸಂವಿಧಾನವೇ ಹೇಳಿದ ಒಂದು ಆಯೋಗ ಇದೆ. 2010ರಲ್ಲಿ ಗ್ರೀಸ್‌ಗೆ ಅಂಥದ್ದೇನೂ ಇರಲಿಲ್ಲ. ಅದಕ್ಕೆ ಸಿಕ್ಕ 110 ಶತಕೋಟಿ ಯೂರೋ ಪೂರ್ತಿ ಸಾಲ. ಜೊತೆಗೆ ಪಿಂಚಣಿ, ಸಂಬಳ ಕಡಿತದ ಷರತ್ತು.

ಕೊನೆಗೆ 2020ನ್ನು ಬಿಡಬೇಡಿ. ಜುಲೈಯಲ್ಲಿ ಯುರೋಪಿನ ನಾಯಕರು ಬ್ರಸೆಲ್ಸ್‌ನಲ್ಲಿ ದಿನಗಟ್ಟಲೆ ಚೌಕಾಸಿ ಮಾಡಿ, ಒಕ್ಕೂಟದ ಹೆಸರಿನಲ್ಲೇ 750 ಶತಕೋಟಿ ಯೂರೋ ಸಾಲ ಎತ್ತಲು ಒಪ್ಪಿದರು. ಅದರಲ್ಲಿ 390 ಶತಕೋಟಿ ಮರಳಿಸಬೇಕಿಲ್ಲದ ಅನುದಾನ. ಅದೇ ಆಗಸ್ಟ್‌ನಲ್ಲಿ ನಮ್ಮ ಕೇಂದ್ರ, ಜಿಎಸ್‌ಟಿಯಿಂದ ರಾಜ್ಯಗಳಿಗಾದ ನಷ್ಟಕ್ಕೆ ಕೊಡಬೇಕಿದ್ದ ಪರಿಹಾರ ಕಡಿಮೆ ಬಿದ್ದಾಗ, ರಾಜ್ಯಗಳೇ ಸಾಲ ಮಾಡಿಕೊಳ್ಳಲಿ ಅಂದಿತ್ತು. ರಾಜ್ಯಗಳು ಪಟ್ಟು ಹಿಡಿದ ಮೇಲೆ ಅಕ್ಟೋಬರ್‌ನಲ್ಲಿ ರಾಜ್ಯಗಳ ಪರವಾಗಿ 1.1 ಲಕ್ಷ ಕೋಟಿ ರೂಪಾಯಿ ತಾನೇ ಎತ್ತಲು ಒಪ್ಪಿತು. ಆ ವರ್ಷ ಅವರು ನಷ್ಟ ಹಂಚಿಕೊಳ್ಳುವ ಒಕ್ಕೂಟದ ಕಡೆ ಒಂದು ಹೆಜ್ಜೆ ಇಟ್ಟರು, ನಾವು ಆಚೆ ಜಾರಿ ಮತ್ತೆ ಒಳಗೆ ಬಂದೆವು. ಈ ಎರಡನ್ನೂ ಒಂದೇ ಪುಟದಲ್ಲಿ, ತಿಂಗಳ ಸಮೇತ ಬರೆಯಿರಿ. ಆಗ ನಿಮ್ಮ ತೀರ್ಪಿಗೆ ಆಧಾರ ಸಿಗುತ್ತದೆ.