ಒಣ ಮರಳಿನಡಿಯ ತೇವ: ಕಡಲತೀರದ ಗಿಡಗಳ ನೀರಿನ ದಾರಿಯನ್ನು ತುಂಗಭದ್ರೆಯ ದಂಡೆಯಲ್ಲಿ ಅರಿಯುವುದು ಹೇಗೆ?

ಏಪ್ರಿಲ್ ತಿಂಗಳ ಮಧ್ಯಾಹ್ನ ಆನೆಗೊಂದಿಯ ಬಳಿ ತುಂಗಭದ್ರೆಯ ಮರಳಿನ ಮೇಲೆ ಬರಿಗಾಲಿನಲ್ಲಿ ನಿಲ್ಲಲಾಗುವುದಿಲ್ಲ. ಆದರೆ ಅದೇ ಮರಳಿನಲ್ಲಿ ಎಕ್ಕದ ಗಿಡ ಹಸಿರಾಗಿ ನಿಂತಿರುತ್ತದೆ. ಹೊಳೆ ಬತ್ತಿದಾಗ ಮರಳಿನಲ್ಲಿ ಒರತೆ ತೋಡಿ ಕೊಡ ತುಂಬಿಸಿಕೊಂಡ ನಮ್ಮ ಸೀಮೆಯ ಜನರಿಗೆ ಇದು ಹೊಸದಲ್ಲ. ಕಡಲತೀರದ ಮರಳುದಿಬ್ಬಗಳ ಗಿಡಗಳು ಬದುಕುವುದೂ ಇದೇ ಗುಟ್ಟಿನ ಮೇಲೆ: ಮೇಲಿನ ಮರಳು ಒಣಗಿರುವುದರಿಂದಲೇ ಕೆಳಗಿನ ಮರಳು ತೇವವಾಗಿ ಉಳಿಯುತ್ತದೆ. ಕಾರವಾರ, ಹೊನ್ನಾವರಗಳಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬಿದ್ದರೂ ಡಿಸೆಂಬರಿನಿಂದ ಮೇ ಮಧ್ಯದವರೆಗೆ ಅಲ್ಲಿನ ದಿಬ್ಬಗಳ ಮೇಲೆ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಆ ತಿಂಗಳುಗಳನ್ನು ಗಿಡಗಳು ಹೇಗೆ ದಾಟುತ್ತವೆ ಎಂಬುದನ್ನು ಕಡಲಿಗೆ ಹೋಗದೆ, ಹೊಳೆದಂಡೆಯಲ್ಲಿಯೇ ಬಹುಮಟ್ಟಿಗೆ ಕಂಡುಕೊಳ್ಳಬಹುದು.

ಮೊದಲು ಜಾಗ ಆರಿಸಿಕೊಳ್ಳಬೇಕು. ತುಂಗಭದ್ರೆ, ಕೃಷ್ಣೆ ಎರಡರಲ್ಲೂ ಮೊಸಳೆಗಳಿರುವುದರಿಂದ ನೀರಿನ ಅಂಚಿನಿಂದ ಸಾಕಷ್ಟು ದೂರ, ದಂಡೆಯ ಎತ್ತರದಲ್ಲಿರುವ ಮರಳನ್ನು ನೋಡಿಕೊಳ್ಳಿ. ಮಕ್ಕಳಿದ್ದರೆ ಹಿರಿಯರೊಬ್ಬರು ಜೊತೆಗಿರಲೇಬೇಕು. ಮೊಣಕಾಲಿನ ಆಳಕ್ಕಿಂತ ಕೆಳಗೆ ಗುಂಡಿ ತೋಡಬಾರದು, ಏಕೆಂದರೆ ಒಣ ಮರಳಿನ ಗೋಡೆ ಹೇಳದೆ ಕುಸಿಯುತ್ತದೆ.

ಇನ್ನು ತೋಡುವುದು. ಮೇಲಿನ ನಾಲ್ಕಾರು ಬೆರಳಿನಷ್ಟು ಮರಳು ಬಿಳಿಚಿಕೊಂಡು ಕೈಯಿಂದ ಜಾರುತ್ತದೆ; ಅದರ ಕೆಳಗೆ ಒಮ್ಮೆಲೆ ಬಣ್ಣ ಕಪ್ಪಾಗಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವ ಮರಳು ಸಿಗುತ್ತದೆ. ಈ ಗಡಿಯನ್ನು ನಿಧಾನವಾಗಿ ನೋಡಬೇಕು. ಮರಳಿನ ಕಣಗಳ ನಡುವಿನ ಸಂದುಗಳು ದೊಡ್ಡವು. ಮೇಲ್ಪದರ ಒಣಗಿದ ಕೂಡಲೇ ನೀರಿನ ಸಣ್ಣ ಎಳೆಗಳು ಕಡಿದುಹೋಗಿ, ಕೆಳಗಿನ ತೇವಕ್ಕೆ ಬಿಸಿಲಿನತ್ತ ಏರಿ ಬರುವ ದಾರಿಯೇ ಉಳಿಯುವುದಿಲ್ಲ. ನಮ್ಮ ರೈತರು ಹಿಂಗಾರಿ ಜೋಳದಲ್ಲಿ ಎಡೆಕುಂಟೆ ಹೊಡೆದು ಎರೆಭೂಮಿಯ ಮೇಲ್ಪದರವನ್ನು ಪುಡಿ ಮಾಡುವುದು ಕಳೆ ತೆಗೆಯಲು ಮಾತ್ರವಲ್ಲ, ಇದೇ ಕಾರಣಕ್ಕೂ ಹೌದು.

ಮೇಲ್ಪದರ, ಒಂದು ಗೇಣು ಆಳ, ಎರಡು ಗೇಣು ಆಳ – ಈ ಮೂರು ಕಡೆಯಿಂದ ತಲಾ 100 ಗ್ರಾಂ ಮರಳನ್ನು ಬೇರೆ ಬೇರೆ ಚೀಲಗಳಲ್ಲಿ ಗಾಳಿಯಾಡದಂತೆ ಕಟ್ಟಿಕೊಂಡು ಬನ್ನಿ. ಮನೆಯಲ್ಲಿ ಒಂದೊಂದನ್ನೇ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಮತ್ತೆ ತೂಗಿ. ಕಡಿಮೆಯಾದ ಗ್ರಾಂಗಳೇ ನೀರಿನ ಪಾಲು. ಅದು ಅಲ್ಪವಾಗಿ ಕಂಡರೆ ನಿರಾಶರಾಗಬೇಡಿ: ಮರಳು ಹಿಡಿದಿಟ್ಟುಕೊಳ್ಳುವ ನೀರು ಸಾಮಾನ್ಯವಾಗಿ ಅದರ ಗಾತ್ರದ ಹತ್ತನೇ ಒಂದು ಭಾಗವನ್ನೂ ಮೀರುವುದಿಲ್ಲ, ಆದರೆ ಹಿಡಿದದ್ದನ್ನು ಬೇರಿಗೆ ಸುಲಭವಾಗಿ ಬಿಟ್ಟುಕೊಡುತ್ತದೆ. ಎರೆಮಣ್ಣು ಅದರ ಹಲವು ಪಟ್ಟು ಹಿಡಿದರೂ ಬಹಳಷ್ಟನ್ನು ಬಿಗಿಯಾಗಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ. 10 ಮಿಲಿಮೀಟರ್ ಮಳೆ ಒಣ ಮರಳಿನಲ್ಲಿ 10 ಸೆಂಟಿಮೀಟರಿಗೂ ಕೆಳಗೆ ಇಳಿದು ಬಿಸಿಲಿನಿಂದ ಬಚಾವಾದರೆ, ಎರೆಯಲ್ಲಿ ಮೇಲಿನ ಕೆಲವೇ ಸೆಂಟಿಮೀಟರುಗಳಲ್ಲಿ ನಿಂತು ಆವಿಯಾಗುತ್ತದೆ. ಮಳೆ ಕಡಿಮೆಯಿರುವ ನಾಡಿನಲ್ಲಿ ಮರಳು ಗಿಡಕ್ಕೆ ಉಪಕಾರಿ ಎನ್ನುವುದು ಈ ಅರ್ಥದಲ್ಲಿ.

ಹಾಗಾದರೆ ಅಂತರ್ಜಲ ತಾನಾಗಿಯೇ ಮೇಲೆ ಏರಿ ಬೇರನ್ನು ತಲುಪುವುದೇ? ತಳ ಕತ್ತರಿಸಿದ ಬಾಟಲಿಯ ಬಾಯಿಗೆ ಬಟ್ಟೆ ಕಟ್ಟಿ, ತಲೆಕೆಳಗು ಮಾಡಿ ಒರಟು ಮರಳು ತುಂಬಿ, ನೀರಿನ ತಟ್ಟೆಯಲ್ಲಿ ನಿಲ್ಲಿಸಿ ಮರುದಿನ ನೋಡಿ. ತೇವ ಒಂದು ಗೇಣಿನ ಆಚೀಚೆ ಏರಿ ನಿಂತಿರುತ್ತದೆ. ಎತ್ತರದ ದಿಬ್ಬದ ನೆತ್ತಿಯ ಮೇಲಿನ ಗಿಡ ಅಡಿಯ ನೀರನ್ನು ನಂಬಿ ಕೂರುವಂತಿಲ್ಲ. ಒಂದೋ ಮಳೆಯ ತೇವವನ್ನು ಜಾಣತನದಿಂದ ಬಳಸಬೇಕು, ಇಲ್ಲವೇ ಬೇರನ್ನೇ ಕೆಳಗಿಳಿಸಬೇಕು. ನಮ್ಮೂರಿನ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ ಎರಡನೆಯ ದಾರಿ ಹಿಡಿದದ್ದು. ಅದೇ ಕುಲದ ಮರವೊಂದರ ಬೇರು ಅಮೆರಿಕದ ಅರಿಝೋನಾದ ಗಣಿಯೊಂದರಲ್ಲಿ 53 ಮೀಟರ್ ಆಳದಲ್ಲಿ ಸಿಕ್ಕಿತ್ತು. ಆಫ್ರಿಕಾದ ನಮೀಬ್ ಮರುಭೂಮಿಯ ಕಡಲಂಚಿನಲ್ಲಿ ಬೆಳೆಯುವ, ನಮ್ಮ ಕಲ್ಲಂಗಡಿಯ ಕುಟುಂಬಕ್ಕೇ ಸೇರಿದ ನಾರಾ ಎಂಬ ಮುಳ್ಳುಪೊದೆಯೂ ಆಳದ ನೀರನ್ನೇ ಹುಡುಕಿ ಹೋಗುತ್ತದೆ. ಅಲ್ಲಿನ ದಿಬ್ಬದ ಹುಲ್ಲೊಂದು ಮಾತ್ರ ಬೇರೆ ಉಪಾಯ ಮಾಡುತ್ತದೆ: ಕಡಲಿನಿಂದ ಬರುವ ಮಂಜು ಅದರ ಎಲೆಗಳ ಮೇಲೆ ಹನಿಗಟ್ಟಿ ಕಾಂಡದುದ್ದಕ್ಕೂ ಇಳಿದಾಗ, ಮೇಲ್ಪದರದಲ್ಲೇ ಹರಡಿದ ಬೇರುಗಳು ಆ ನೀರನ್ನು ಹೀರಿಕೊಳ್ಳುತ್ತವೆ.

ಕಡಲಂಚಿನಲ್ಲಿ ಅಡಿಯ ನೀರು ಉಪ್ಪಲ್ಲವೇ ಎಂಬ ಪ್ರಶ್ನೆ ಸಹಜ. ಮಳೆಯ ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ದಿಬ್ಬದಡಿ ಅದರ ಮೇಲೆ ತೇಲುತ್ತದೆ. ಸಮುದ್ರಮಟ್ಟಕ್ಕಿಂತ 1 ಮೀಟರ್ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ, ಸಮುದ್ರಮಟ್ಟದ ಕೆಳಗೆ ಸುಮಾರು 40 ಮೀಟರ್ ಸಿಹಿನೀರಿರುತ್ತದೆ ಎಂಬುದು ಲೆಕ್ಕ. ಒಂದು ಗಿಡ ಕುಡಿದದ್ದು ಮಳೆನೀರೋ ಅಂತರ್ಜಲವೋ ಎಂದು ತಿಳಿಯಲು ವಿಜ್ಞಾನಿಗಳು ಕಾಂಡದೊಳಗಿನ ನೀರಿನಲ್ಲಿರುವ ಆಮ್ಲಜನಕ-18 ಮತ್ತು ಡ್ಯೂಟೀರಿಯಂ ಎಂಬ ಭಾರದ ಪರಮಾಣುಗಳ ಪ್ರಮಾಣವನ್ನು ಅಳೆಯುತ್ತಾರೆ. ಬಿಸಿಲಿಗೆ ಹಗುರ ನೀರು ಮೊದಲು ಆವಿಯಾಗುವುದರಿಂದ ಮೇಲ್ಪದರದ ನೀರಿನಲ್ಲಿ ಭಾರದ ಪರಮಾಣುಗಳ ಪಾಲು ಹೆಚ್ಚು, ಆಳದ ನೀರಿನಲ್ಲಿ ಕಡಿಮೆ.

ಕೊನೆಯದಾಗಿ ಗಿಡದ ಖರ್ಚನ್ನು ನೋಡಬೇಕು. ಬೆಳಗ್ಗೆ ಎಕ್ಕದ ಒಂದು ಟೊಂಗೆಗೂ, ಹಿತ್ತಲಲ್ಲಿ ನೀರುಣಿಸಿ ಬೆಳೆಸಿದ ಬದನೆಯ ಒಂದು ಟೊಂಗೆಗೂ ಸುಮಾರು ಸಮನಾದ ಎಲೆಗಳಿರುವಂತೆ ನೋಡಿ, ತೆಳು ಪ್ಲಾಸ್ಟಿಕ್ ಚೀಲ ಕಟ್ಟಿ, ಒಂದು ತಾಸಿನ ನಂತರ ಒಳಗೆ ಕೂಡಿದ ಹನಿಗಳನ್ನು ಹೋಲಿಸಿ. ಹೆಚ್ಚು ಹೊತ್ತು ಬಿಟ್ಟರೆ ಎಲೆ ಬೆಂದುಹೋಗುತ್ತದೆ. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಅಪಾಯ. ಮುಟ್ಟಿದ ಕೈಯನ್ನು ಕೂಡಲೇ ತೊಳೆಯಿರಿ. ಎಲೆಯನ್ನು ಬೆರಳಿನಿಂದ ಉಜ್ಜಿದರೆ ಬೂದಿಯಂಥ ಪುಡಿ ಅಂಟುತ್ತದೆ: ಅದೇ ನೀರು ಸೋರದಂತೆ ಕಾಯುವ ಹೊದಿಕೆ. ಕಡಲತೀರದಲ್ಲಿ ಮೇಕೆಯ ಗೊರಸಿನಾಕಾರದ ಎಲೆಯ ಬಳ್ಳಿ ಈ ಕೆಲಸವನ್ನು ದಪ್ಪನೆಯ, ಮೇಣ ಬಳಿದಂಥ ಎಲೆಯಿಂದ ಮಾಡುತ್ತದೆ. ರಾವಣನ ಮೀಸೆ ಹುಲ್ಲು ಎಲೆಯನ್ನು ಗಡುಸಾದ ಸೂಜಿಯಾಗಿಸಿಕೊಂಡಿದೆ.