ಮರಿ ಮೀನು ಬಿಟ್ಟೆ, ಲೆಕ್ಕ ಕೂಡಿ ಬಂತು: ಮಲ್ಪೆಯ ಟ್ರಾಲ್ ಬೋಟಿನಿಂದ ನನ್ನ ಅನುಭವ

ಮೂರು ಸೀಸನ್ ಆಯಿತು, ಮರಿ ಮೀನು ಜಾರಿ ಹೊರಹೋಗಲಿ ಅಂತ ನನ್ನ ಬೋಟಿನ ಬಲೆಯ ಕೊನೆಗೆ 40 ಮಿ.ಮೀ. ಚೌಕ ಕಣ್ಣಿನ (ಚೌಕ ರಂಧ್ರದ) ಚೀಲ ಕಟ್ಟುತ್ತಿದ್ದೇನೆ. ಮೊದಲ ವರ್ಷ ದಕ್ಕೆಯಲ್ಲಿ (ಬೋಟು ನಿಲ್ಲುವ ಕಟ್ಟೆಯಲ್ಲಿ) ಎಲ್ಲರದ್ದೂ ಒಂದೇ ಮಾತು, ಇವನು ಡೀಸೆಲ್ ಸುಟ್ಟು ನೀರು ಸೋಸುತ್ತಾನೆ ಅಂತ. ಈಗ ಅವರಲ್ಲೇ ನಾಲ್ಕು ಜನ ನನ್ನ ಚೀಲದ ಅಳತೆ ಕೇಳಿಕೊಂಡು ಬಂದಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಹಾಗಾಗಿ ಬರೆದೇ ಬಿಡುತ್ತೇನೆ.

ನಾನು ಇದಕ್ಕೆ ಕೈ ಹಾಕಿದ್ದು ಒಂದು ಕಿಲೋ ಬಂಗುಡೆ ಮರಿಯಿಂದ. ಒಂದು ಸೆಪ್ಟೆಂಬರ್‌ನಲ್ಲಿ ಫಿಶ್‌ಮೀಲ್ (ಮೀನಿನ ಪುಡಿ) ಗಿರಣಿಗೆ ಹೋಗುವ ರಾಶಿಯಿಂದ ಬಂಗುಡೆ ಮರಿ ಆರಿಸಿ ತಕ್ಕಡಿಗೆ ಹಾಕಿದೆ. ಕಿಲೋಗೆ ಹತ್ತಿರ ಹತ್ತಿರ 80 ಮರಿ. ಬೆರಳುದ್ದದವು, ಬೆನ್ನಿನ ಹಸಿರು ಗೆರೆ ಆಗಷ್ಟೇ ಮೂಡಿತ್ತು. ಆ ಕಿಲೋಗೆ ನನಗೆ ಸಿಕ್ಕಿದ್ದು 20 ರೂಪಾಯಿ. ದೊಡ್ಡದಾದರೆ ಬಂಗುಡೆ ಕಿಲೋಗೆ ಏಳೆಂಟು ತೂಗುತ್ತದೆ. ಅಂದರೆ ಆ 80ರಲ್ಲಿ ಅರ್ಧ ಉಳಿದರೂ 5 ಕಿಲೋ ಮೀನು. ಬಂಗುಡೆ ಬೆಳೆಯಲು ವರ್ಷಗಟ್ಟಲೆ ಕಾಯಬೇಕಾಗಿಯೂ ಇಲ್ಲ. ನಮ್ಮ ಮುಂದಿನ ತಿಂಗಳುಗಳ ಮೀನನ್ನೇ ನಾವು ಟನ್‌ಗಟ್ಟಲೆ ಗಿರಣಿಗೆ ಸುರಿಯುತ್ತಿದ್ದೇವೆ ಅಂತ ಅವತ್ತು ಹೊಟ್ಟೆ ಉರಿಯಿತು. ಬೂತಾಯಿ (ಸಾರ್ಡೀನ್ ಮೀನು) ಕಥೆ ಎಲ್ಲರಿಗೂ ಗೊತ್ತಿದೆ ಅಲ್ವಾ? ಕೇರಳದಲ್ಲಿ 2012ರಲ್ಲಿ 4 ಲಕ್ಷ ಟನ್ ಹತ್ತಿರ ಸಿಕ್ಕಿದ್ದು 2021ರಲ್ಲಿ ಮೂರೂವರೆ ಸಾವಿರ ಟನ್‌ಗೂ ಬರಲಿಲ್ಲ. ಅದಕ್ಕೆ ನೀರು ಬಿಸಿಯಾಗಿದ್ದೂ ಸೇರಿ ಬೇರೆ ಕಾರಣಗಳಿವೆ, ಬಲೆ ಒಂದೇ ಅಲ್ಲ. ಆದರೆ ನನ್ನ ಕೈಯಲ್ಲಿರುವುದು ಬಲೆ ಮಾತ್ರ.

ಚೌಕ ಕಣ್ಣು ಹೊಸ ವಿಷಯವೇನಲ್ಲ. ಗುಜರಾತಿನ ಮೀನುಗಾರಿಕೆ ಕಾನೂನಿನಲ್ಲಿ 2003ರಿಂದಲೇ ಇದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು (ಸಿಐಎಫ್‌ಟಿ) ಎಷ್ಟೋ ವರ್ಷಗಳಿಂದ ಹೇಳುತ್ತಿದ್ದಾರೆ. ನಮ್ಮ ಮಾಮೂಲಿ ವಜ್ರಾಕಾರದ ಕಣ್ಣಿನ ಚೀಲ ಎಳೆಯುವಾಗ ಬಿಗಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತದೆ, ಚೌಕದ್ದು ತೆರೆದೇ ಇರುತ್ತದೆ, ಅಷ್ಟೇ. ಕಷ್ಟ ಇರುವುದು ಕಟ್ಟುವುದರಲ್ಲಿ.

ಮೊದಲ ಚೀಲ ಮಳೆಗಾಲದ ರಜೆಯಲ್ಲಿ ಮನೆ ಅಂಗಳದಲ್ಲೇ ಮಾಡಿದೆ. ಜೂನ್, ಜುಲೈ ಹೇಗೂ ಬೋಟು ದಡದ ಮೇಲಿರುತ್ತದೆ. ಮಾಮೂಲಿ ಎಚ್‌ಡಿಪಿಇ (ಪ್ಲಾಸ್ಟಿಕ್ ದಾರದ) ಬಲೆಯನ್ನೇ ಓರೆಯಾಗಿ ಕತ್ತರಿಸಿ ತಿರುಗಿಸಿ ಹೊಲಿದೆ. ಖರ್ಚು ಎಂಟು ಸಾವಿರ ಚಿಲ್ಲರೆ. ಆಗಸ್ಟಿನ ಎರಡನೇ ಟ್ರಿಪ್‌ನಲ್ಲಿ, ಒಳ್ಳೆ ಪಾಂಬೋಲ್ (ರಿಬ್ಬನ್ ಮೀನು) ಬಿದ್ದ ದಿನವೇ, ಚೀಲ ಮೇಲೆ ಬರುವಾಗ ಹೊಲಿಗೆ ಬಿಟ್ಟುಕೊಂಡಿತು. ಚೀಲ ಸೇರುವ ಬಲೆಯ ಕುತ್ತಿಗೆಯ ಕಡೆ ಕಣ್ಣು ಜಾಸ್ತಿ, ಚೀಲದ ಕಡೆ ಕಡಿಮೆ. ಎಷ್ಟಕ್ಕೆ ಎಷ್ಟು ಸೇರಿಸಬೇಕು ಎಂಬ ಲೆಕ್ಕ ನಾನು ತಪ್ಪಿದ್ದೆ. ಹುಡುಗರ ಕಣ್ಣೆದುರೇ ಬೆಳ್ಳಗೆ ಮೀನು ನೀರಿಗೆ ಜಾರಿ ಹೋಯಿತು. ದೊಡ್ಡ ಮೊತ್ತವೇ ಹೋಗಿರಬೇಕು. ಬೋಟು ನಡೆಸುವ ನಮ್ಮ ತಾಂಡೇಲರು ಭಟ್ಕಳದ ಕಡೆಯವರು, ಇಪ್ಪತ್ತು ವರ್ಷದಿಂದ ನನ್ನ ಜೊತೆ ಇದ್ದಾರೆ. ವೈರ್‌ಲೆಸ್‌ನಲ್ಲಿ ಒಂದೇ ಮಾತು ಹೇಳಿದರು. "ಅಣ್ಣಾ, ಹಳೇ ಚೀಲ ಕಟ್ಟಲಾ?" ಕಟ್ಟಿ ಅಂದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಎರಡನೇ ಚೀಲದಲ್ಲಿ ಸೇರಿಸುವ ಲೆಕ್ಕ ಸರಿಯಾಯಿತು, ಗಂಟು ಕೈ ಕೊಟ್ಟಿತು. ನಾಲ್ಕೈದು ಟ್ರಿಪ್ ಆಗುವಷ್ಟರಲ್ಲಿ ಗಂಟುಗಳು ಜಾರಿ, ಒಂದು ಕಣ್ಣು ಹೆಬ್ಬೆರಳು ಹೋಗುವಷ್ಟು, ಪಕ್ಕದ್ದು ಮೂರು ಬೆರಳು ಹೋಗುವಷ್ಟು ಆಯಿತು. ಎಳೆಯ ಪಾಂಬೋಲ್ ತಲೆ ತೂರಿಸಿ ಸಿಕ್ಕಿಕೊಳ್ಳುತ್ತಿತ್ತು, ಬಿಡಿಸುವುದರಲ್ಲೇ ಹುಡುಗರ ಅರ್ಧ ರಾತ್ರಿ ಕಳೆಯುತ್ತಿತ್ತು. ಆ ಸೀಸನ್ ಪೂರ್ತಿ ಹಳೆಯದು, ಹೊಸದು ಅಂತ ಬದಲಾಯಿಸುತ್ತಲೇ ಇದ್ದೆ. ಚೀಲ, ರಿಪೇರಿ, ತಪ್ಪಿಸಿಕೊಂಡ ಮೀನು ಎಲ್ಲ ಸೇರಿ ನಾಲ್ಕು ಲಕ್ಷದ ಹತ್ತಿರ ಕೈ ಬಿಟ್ಟಿತು. ಮನೆಯವಳ ಬಳೆ ಬ್ಯಾಂಕಿಗೆ ಹೋಗಿದ್ದು ಆಗಲೇ.

ಮೂರನೆಯದು ನಿಂತಿತು. ದಪ್ಪ ದಾರದ ಬಲೆ ತೆಗೆದುಕೊಂಡೆ. ಚೀಲದ ಉದ್ದಕ್ಕೂ ನಾಲ್ಕು ಕಡೆ ಹಗ್ಗ ಕೊಟ್ಟೆ. ಹಗ್ಗ ಚೀಲಕ್ಕಿಂತ ಸ್ವಲ್ಪ ಗಿಡ್ಡ ಇರಬೇಕು, ಆಗ ಭಾರ ಹಗ್ಗದ ಮೇಲೆ ಬೀಳುತ್ತದೆ, ಕಣ್ಣಿನ ಮೇಲಲ್ಲ. ಎಷ್ಟು ಗಿಡ್ಡ ಎಂಬುದು ನಿಮ್ಮ ಬೋಟಿನ ಎಂಜಿನ್ ಶಕ್ತಿ (ಎಚ್‌ಪಿ), ಎಳೆಯುವ ವೇಗ ನೋಡಿ ನೀವೇ ಕಂಡುಕೊಳ್ಳಿ. ಗಂಟು ಜಾರದಂತೆ ನೀರಿಗೆ ಇಳಿಸುವ ಮೊದಲು ನಾನೊಂದು ಕೆಲಸ ಮಾಡುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಎರಡು ಮಳೆಗಾಲ ಕೂತು ಕಲಿತದ್ದು ಅದು. ಒಂದು ಚೀಲಕ್ಕೆ ಈಗ 14-15 ಸಾವಿರ ಬೀಳುತ್ತದೆ, ಸೀಸನ್‌ಗೆ ಎರಡು ಸಾಕು.

ಈಗ ದುಡ್ಡಿನ ಲೆಕ್ಕ. ಹತ್ತು ದಿನದ ಟ್ರಿಪ್‌ಗೆ ಮೊದಲು ಮೂರರಿಂದ ಮೂರೂವರೆ ಟನ್ ಗಿರಣಿಗೆ ಹೋಗುವ ಮೀನು ಬರುತ್ತಿತ್ತು. ಈಗ ಒಂದು ಟನ್, ಕೆಲವೊಮ್ಮೆ ಅದೂ ಇಲ್ಲ. ಅಲ್ಲಿಗೆ ಸುಮಾರು 50 ಸಾವಿರ ಖೋತಾ. ಎಲ್ಲರೂ ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ. ನಾನೂ ನಿಲ್ಲಿಸಿದ್ದೆ.

ಆದರೆ ಡೆಕ್ ಮೇಲೆ ಏನಾಯಿತು ನೋಡಿ. ಮೊದಲು ಒಂದು ಎಳೆತದ ಮೀನು ಆರಿಸಲು ಎರಡೂವರೆ ಗಂಟೆ ಬೇಕಿತ್ತು. ಅಷ್ಟು ಹೊತ್ತು ಮದಿಮಾಲ್ ಮೀನು, ಬೊಂಡಾಸ್ (ಸ್ಕ್ವಿಡ್) ಎಲ್ಲ ಮರಿ ರಾಶಿಯ ಅಡಿಯಲ್ಲಿ ಬಿಸಿಲಿಗೆ ಬಾಡುತ್ತಿದ್ದವು. ಈಗ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಮೀನು ಹೊಳಪಿರುವಾಗಲೇ ಐಸ್‌ಗೆ ಹೋಗುತ್ತದೆ. ಬೊಂಡಾಸ್ ಮೈ ಬಿಳಿಯಾಗೇ ಇರುತ್ತದೆ, ಕೆಂಪಾಗುವುದಿಲ್ಲ. ಹರಾಜಿನಲ್ಲಿ ಕಿಲೋಗೆ 15-20 ರೂಪಾಯಿ ಜಾಸ್ತಿ ಸಿಗಲು ಶುರುವಾಯಿತು. ಅಂಥ ಮೀನು ಟ್ರಿಪ್‌ಗೆ ನಾಲ್ಕು ಟನ್ ಹಿಡಿದರೂ 60-80 ಸಾವಿರ. ಎಳೆತ ಹಗುರ, ಡೀಸೆಲ್ ಟ್ರಿಪ್‌ಗೆ 200 ಲೀಟರ್ ಮೇಲೆ ಉಳಿಯುತ್ತಿದೆ. ಕಡಲಲ್ಲಿ ಎಷ್ಟು ಮೀನು ಉಳಿಯಿತು ಅಂತ ನಾನು ತೂಗಿ ತೋರಿಸಲಾರೆ. ನನ್ನ ಪುಸ್ತಕದ ಲೆಕ್ಕ ಮಾತ್ರ ಇದು.

ಹುಡುಗರನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಗಿತ್ತು. ನಮ್ಮ ಬೋಟಿನಲ್ಲಿ ಗಿರಣಿ ಮೀನಿನ ದುಡ್ಡಲ್ಲಿ ಅರ್ಧ ಖಲಾಸಿಗಳಿಗೆ (ಬೋಟಿನ ಕೆಲಸಗಾರರಿಗೆ). ಅದನ್ನು ಕಿತ್ತುಕೊಂಡು "ಕಡಲು ಉಳಿಸೋಣ" ಅಂದರೆ ಯಾರು ಕೇಳುತ್ತಾರೆ? ಕೇಳಬೇಕಾಗಿಯೂ ಇಲ್ಲ. ಊರಲ್ಲಿ ಅವರ ಮಕ್ಕಳ ಫೀಸು ಆ ದುಡ್ಡಲ್ಲೇ ಹೋಗುವುದು. ಮೊದಲ ಸೀಸನ್‌ನಲ್ಲಿ ಇಬ್ಬರು ಬಿಟ್ಟು ಬೇರೆ ಬೋಟಿಗೆ ಹೋದರು, ತಪ್ಪು ನನ್ನದೇ. ಆಮೇಲೆ ಹಿಂದಿನ ವರ್ಷ ಎಷ್ಟು ಸಿಕ್ಕಿತ್ತೋ ಅಷ್ಟನ್ನು ಗಟ್ಟಿ ಮಾಡಿ ಪಾಲಿಗೇ ಸೇರಿಸಿದೆ. ಈಗ ನಿದ್ದೆಯೂ ಜಾಸ್ತಿ ಸಿಗುತ್ತದೆ ಅಂತ ಅವರೇ ಹೇಳುತ್ತಾರೆ.

ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ಆಮೆ ಹೊರಹೋಗಲು ಬಲೆಯೊಳಗೆ ಕಬ್ಬಿಣದ ಜಾಲರಿ ಇಟ್ಟೆ. ಆಮೆ ತಪ್ಪಿಸುವ ಸಾಧನ ಇಲ್ಲ ಅಂತಲೇ 2019ರಲ್ಲಿ ಅಮೆರಿಕ ನಮ್ಮ ಕಡಲ ಸಿಗಡಿ ತೆಗೆದುಕೊಳ್ಳುವುದನ್ನು ನಿಲ್ಲಿಸಿತ್ತು, ಹಾಗಾಗಿ ಒಮ್ಮೆ ನೋಡೇ ಬಿಡೋಣ ಅನ್ನಿಸಿತು. ಲೋಳೆಮೀನು (ಜೆಲ್ಲಿಫಿಶ್) ಬಂದು ಜಾಲರಿಗೆ ಅಂಟಿಕೊಂಡು ದಾರಿಯೇ ಮುಚ್ಚಿತು. ನಾನು ಮಾಡಿಸಿದ ಜಾಲರಿಯ ಓರೆ ಸರಿ ಇರಲಿಲ್ಲ ಅನ್ನಿಸುತ್ತದೆ. ಈ ಮಳೆಗಾಲ ಮತ್ತೆ ನೋಡುತ್ತೇನೆ. ಅಲ್ಲಿಯವರೆಗೆ ಒಂದು ಎಳೆತವನ್ನು ಎರಡೂವರೆ ಗಂಟೆಗಿಂತ ಜಾಸ್ತಿ ಮಾಡಬೇಡಿ ಅಂತ ಹೇಳಿದ್ದೇನೆ. ಆಮೆಗೆ ಉಸಿರಿಗೆ ಮೇಲೆ ಬರಲೇಬೇಕು. ಒಂದು ಸಲ ಹುಡುಗರು, ಸತ್ತಂತೆ ಬಿದ್ದಿದ್ದ ಆಮೆಯ ಹಿಂಭಾಗ ಎತ್ತರಕ್ಕಿಟ್ಟು, ಒದ್ದೆ ಗೋಣಿ ಹೊದಿಸಿ ನೆರಳಲ್ಲಿ ಇಟ್ಟರು. ಮೂಗಿನಿಂದ ನೀರು ಹೋಯಿತು. ಮೂರು ಗಂಟೆ ಆದ ಮೇಲೆ ರೆಕ್ಕೆ ಬಡಿಯಿತು. ಎಂಜಿನ್ ನಿಲ್ಲಿಸಿ ಮೆಲ್ಲಗೆ ನೀರಿಗೆ ಇಳಿಸಿದರು. ಆ ವಿಡಿಯೋ ನನ್ನ ಮೊಬೈಲ್‌ನಲ್ಲಿ ಇನ್ನೂ ಇದೆ.

ಇನ್ನೊಂದು, ಹರಿದ ಬಲೆ ತುಂಡು ಕಡಲಿಗೆ ಎಸೆಯುವುದನ್ನು ಪೂರ್ತಿ ನಿಲ್ಲಿಸಿದ್ದೇವೆ. ಬೋಟಿನ ಹಿಂಭಾಗದಲ್ಲಿ ಒಂದು ಗೋಣಿ ಕಟ್ಟಿದೆ, ತುಂಡು, ಬಾಟಲಿ, ಗುಟ್ಕಾ ಚೀಟಿ ಎಲ್ಲ ಅದಕ್ಕೇ. ಬಲೆಯಲ್ಲಿ ಬರುವ ಪ್ಲಾಸ್ಟಿಕ್ಕೂ ಅದಕ್ಕೇ. ಗುಜರಿಯವನು ಬಲೆ ತುಂಡಿಗೆ ದುಡ್ಡು ಕೊಡುತ್ತಾನೆ, ಉಳಿದದ್ದಕ್ಕೆ ಏನೂ ಇಲ್ಲ. ಆ ದುಡ್ಡು ಹುಡುಗರ ಚಹಾಕ್ಕೆ. ಯಾರೋ ಎಸೆದ ಬಲೆ ನಮ್ಮ ಬೋಟಿನ ಫ್ಯಾನಿಗೆ (ಪ್ರೊಪೆಲ್ಲರ್‌ಗೆ) ಸುತ್ತಿ, ಕಡಲ ಮಧ್ಯೆ ಒಂದು ದಿನ ನಿಂತು, ಇನ್ನೊಂದು ಬೋಟು ಕರೆಸಿ ಎಳೆಸಿಕೊಂಡು ಬಂದವನು ನಾನು. ಆ ಒಂದು ದಿನದ ಖರ್ಚು ಹೇಳಲೇಬೇಕಾಗಿಲ್ಲ, ನಿಮಗೇ ಗೊತ್ತು.

ಕಟ್ಟಬೇಕು ಅನ್ನುವವರು ಒಂದು ಗಮನಿಸಿ. ಜುಲೈ ಕೊನೆಗೆ ಇಟ್ಟುಕೊಳ್ಳಬೇಡಿ, ಆಗ ದಾರವೂ ಸಿಗಲ್ಲ, ಹೆಣೆಯುವವರೂ ಸಿಗಲ್ಲ. ಜೂನ್ ಮೊದಲ ವಾರವೇ ಬಲೆ ತಂದು ಅಂಗಳದಲ್ಲಿ ಹರಡಿ. ಮೊದಲ ಎರಡು ಟ್ರಿಪ್ ಹಳೇ ಚೀಲವೂ ಬೋಟಿನಲ್ಲಿರಲಿ, ತಾಂಡೇಲರಿಗೆ ಧೈರ್ಯ. ನಮ್ಮ ತಾಂಡೇಲರು ಹೋದ ಆಗಸ್ಟ್‌ನಲ್ಲಿ ಅದನ್ನು ಹತ್ತಿಸಲಿಲ್ಲ, ಮನೆಯ ಮಾಡಿನ ಕೆಳಗೇ ಬಿದ್ದಿದೆ.