ಜಪ್ಪಯ್ಯ ಅಂದರೂ ಬಗ್ಗದ ಅಣುವನ್ನು ಬಗ್ಗಿಸುವುದು ಹೇಗೆ?

ಕಾರ್ಬನ್ ಡೈಆಕ್ಸೈಡ್ ಗಟ್ಟಿ ಪಿಂಡ. ನಡುವೆ ಕಾರ್ಬನ್, ಆಚೀಚೆ ಆಕ್ಸಿಜನ್, ಮೂರೂ ನೆಟ್ಟಗೆ ಒಂದೇ ಗೆರೆಯಲ್ಲಿ. ಇದರಿಂದ ಮೆಥನಾಲ್ ಮಾಡಬೇಕಾದರೆ ಮೊದಲು ಆ ಗೆರೆ ಬಾಗಬೇಕು. ಒಂದು ಎಲೆಕ್ಟ್ರಾನ್ ಕೊಟ್ಟರೆ 180 ಡಿಗ್ರಿಯ ಕೋನ ಸುಮಾರು 135ಕ್ಕೆ ಇಳಿಯುತ್ತದೆ. ಆ ಎಲೆಕ್ಟ್ರಾನನ್ನು ಕೊಡಬೇಕಾದದ್ದು ಲೋಹದ ಆಕ್ಸೈಡಿನ ಮೇಲ್ಮೈ. ಅದನ್ನು ಹದ ಮಾಡುವ ಒಂದು ದಾರಿ ಡೋಪಿಂಗ್, ಅಂದರೆ ಕೆಲವು ಪರಮಾಣುಗಳ ಜಾಗದಲ್ಲಿ ಬೇರೆ ಲೋಹವನ್ನು ಕೂರಿಸುವುದು.

ಮೊದಲು ಆಕ್ಸೈಡ್ ಆರಿಸಿ. ಕಲಿಯಲು ಸೀರಿಯಂ ಆಕ್ಸೈಡ್ ಒಳ್ಳೆಯದು. ಸೀರಿಯಂನ ವಿದ್ಯುದಾವೇಶ 4+ನಿಂದ 3+ಗೆ ಇಳಿದು ಮತ್ತೆ ಹತ್ತುತ್ತದೆ, ಅಂದರೆ ಅದು ಎಲೆಕ್ಟ್ರಾನ್ ಪಡೆದು ಮತ್ತೆ ಬಿಟ್ಟುಕೊಡುತ್ತದೆ.

ಆಮೇಲೆ ಯಾವ ಲೋಹ ಸೇರಿಸಬೇಕು? ಇಲ್ಲೇ ಜಾಸ್ತಿ ಜನ ಎಡವುವುದು. 3+ ಇರುವ ಗ್ಯಾಡೊಲಿನಿಯಂ ಹಾಕಿದರೆ, ಎರಡು ಗ್ಯಾಡೊಲಿನಿಯಂಗೆ ಒಂದು ಆಕ್ಸಿಜನ್ ಜಾಗ ಖಾಲಿಯಾಗುತ್ತದೆ. ಆದರೆ ಆ ಖಾಲಿ ಜಾಗ ವಿದ್ಯುದಾವೇಶದ ಲೆಕ್ಕ ಸರಿದೂಗಿಸಲು ಹುಟ್ಟಿದ್ದು. ಅಲ್ಲಿ ಹೆಚ್ಚುವರಿ ಎಲೆಕ್ಟ್ರಾನ್ ಇಲ್ಲ. ಜಿರ್ಕೋನಿಯಂ ಬೇರೆ ಥರ. ಅದೂ 4+, ಆದರೆ ಗಾತ್ರದಲ್ಲಿ ಚಿಕ್ಕದು. ಸುತ್ತಲಿನ ಜೋಡಣೆ ಸೊಟ್ಟಗಾಗಿ ಆಕ್ಸಿಜನ್ ಸಡಿಲವಾಗುತ್ತದೆ. ಹೈಡ್ರೋಜನ್ ಆ ಆಕ್ಸಿಜನ್ನನ್ನು ಕಿತ್ತಾಗ ಎರಡು ಎಲೆಕ್ಟ್ರಾನ್ ಹಿಂದೆ ಉಳಿಯುತ್ತವೆ. ನಮಗೆ ಬೇಕಾದದ್ದು ಇವೇ.

ಸೀರಿಯಂ, ಜಿರ್ಕೋನಿಯಂ ಎರಡರ ನೈಟ್ರೇಟನ್ನೂ ಒಂದೇ ಪಾತ್ರೆಯ ನೀರಿನಲ್ಲಿ ಕರಗಿಸಿ, ಕಲಕುತ್ತಾ ಅಮೋನಿಯಾ ಹನಿಹನಿಯಾಗಿ ಬಿಡಿ. ತಳಕ್ಕಿಳಿದದ್ದನ್ನು ತೊಳೆದು, ಒಣಗಿಸಿ, ಗಾಳಿಯಲ್ಲಿ 500 ಡಿಗ್ರಿ ಸೆಲ್ಸಿಯಸ್‌ಗೆ ಕೆಲವು ಗಂಟೆ ಸುಡಿ. ತೆಳು ಹಳದಿ ಪುಡಿ ಸಿಗುತ್ತದೆ. ಎಕ್ಸ್‌ರೇ ಪರೀಕ್ಷೆಯಲ್ಲಿ ಜಿರ್ಕೋನಿಯಂ ಆಕ್ಸೈಡಿನ ಗುರುತು ಬೇರೆಯಾಗಿ ಕಂಡರೆ ಅದು ಪೂರ್ತಿ ಒಳಗೆ ಸೇರಿಲ್ಲ ಎಂದರ್ಥ.

ಈಗ ಜಡ ಅನಿಲದಲ್ಲಿ ತೆಳುವಾಗಿ ಬೆರೆಸಿದ ಹೈಡ್ರೋಜನ್ ಹರಿಸುತ್ತಾ ಕಾಯಿಸಿ. ಹಳದಿ ಪುಡಿ ನೀಲಿ ಮಿಶ್ರಿತ ಬೂದು ಬಣ್ಣಕ್ಕೆ ತಿರುಗುತ್ತದೆ. ಕಣ್ಣೆದುರೇ ಸೀರಿಯಂ 3+ ಆಗುವುದನ್ನು ನೋಡುವುದು ನಿಜಕ್ಕೂ ಖುಷಿ! ಗಾಳಿ ಮಾತ್ರ ತಾಗಿಸಬೇಡಿ, ಪಡೆದದ್ದೆಲ್ಲ ವಾಪಸ್ ಹೋಗುತ್ತದೆ.

ಕೊನೆಗೆ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಇನ್‌ಫ್ರಾರೆಡ್‌ನಲ್ಲಿ ನೋಡಿ. ಬಿಡಿ ಅನಿಲದ ಗೆರೆ 2349 cm⁻¹ (ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಎಂಬ ಲೆಕ್ಕ) ಹತ್ತಿರ ಇರುತ್ತದೆ. 1300ರಿಂದ 1600ರ ನಡುವೆ ಗೆರೆಗಳು ಎದ್ದರೆ ಅಣು ಬಾಗಿ ಕಾರ್ಬೊನೇಟ್ ಆಗಿ ಕೂತಿದೆ. ಆದರೆ ಹಿಡಿತ ಜಾಸ್ತಿಯಾದರೂ ಕಷ್ಟ. ಸುಟ್ಟ ಸುಣ್ಣ ನೋಡಿ, ಹಿಡಿದ ಕಾರ್ಬನ್ ಡೈಆಕ್ಸೈಡನ್ನು ಬಿಡಿಸಲು 800 ಡಿಗ್ರಿ ದಾಟಬೇಕು. ಹಾಗೆ ಅಂಟಿಕೊಂಡರೆ ಮುಂದಿನ ಅಣುವಿಗೆ ಜಾಗವೆಲ್ಲಿ? ಅದಕ್ಕೇ ಪುಡಿಯನ್ನು ನಿಧಾನವಾಗಿ ಕಾಯಿಸಿ, ಅನಿಲ ಯಾವ ಉಷ್ಣತೆಯಲ್ಲಿ ಹೊರಡುತ್ತದೆ ಎಂದು ಬರೆದಿಟ್ಟುಕೊಳ್ಳಿ.

ಡೋಪ್ ಮಾಡದ ಪುಡಿಯನ್ನೂ ಇದೇ ರೀತಿ ತಯಾರಿಸಿ, ಪಕ್ಕದಲ್ಲಿಟ್ಟು ಹೋಲಿಸಿ. ಗ್ರಾಂ ಲೆಕ್ಕ ಬೇಡ, ಮೇಲ್ಮೈ ವಿಸ್ತೀರ್ಣದ ಲೆಕ್ಕ ಹಿಡಿಯಿರಿ. ಪುಡಿ ನುಣ್ಣಗಾದರೂ ಸಾಕು, ಸುಮ್ನೆ ಜಾಸ್ತಿ ಅನಿಲ ಹಿಡಿಯುತ್ತದೆ.